ಹಗ್ಗ ತಳ್ತದಾ?

“ಬಂದ್ಯಾ, ಶೋಭಿ?”

ಹುದಿಕೇರಿಯಾಚೆಯ ಹೊಳೆದಡದಲ್ಲಿ ನಿಂತಿದ್ದ ಶೋಭಿತಾಳ ಕೈಯಿಂದ ಅಳತೆಯ ಟೇಪು ಜಾರಿಬಿತ್ತು. ಆ ದನಿ… ಗಿರಿಯದು! ತಾನು ಅಳತೆಗೆ ಬಂದಿರುವ ಹೊಸ ತೂಗುಸೇತುವೆಗೆ ಸೈಟ್ ಎಂಜಿನಿಯರ್ ಇವನೇ ಎಂದು ಗೊತ್ತಿದ್ದರೆ ಅವಳು ಸೋಮವಾರಪೇಟೆಯಲ್ಲಿ ಬಸ್ಸೇ ಹತ್ತುತ್ತಿರಲಿಲ್ಲ.

ಅವನನ್ನು ನೋಡಿ ಮೂರು ವರ್ಷ! ಅದಕ್ಕೂ ಮೊದಲು ಇಬ್ಬರದೂ ಒಂದೇ ಆಫೀಸು. ಮದುವೆಯ ಮಾತೂ ಆಗಿತ್ತು. ಇಲ್ಲಿದ್ದ ಹಳೆಯ ತೂಗುಸೇತುವೆಯ ವಿನ್ಯಾಸವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ್ದು ಅವಳೇ. ಕಟ್ಟಿದ ಮೊದಲ ಮಳೆಗಾಲದಲ್ಲೇ ಅದು ಬಿತ್ತು. ಆಗ ಅದರ ಮೇಲಿದ್ದವರು ಗಿರಿಯ ಅಪ್ಪ ಮಾದಣ್ಣ, ಕಾಫಿ ಎಸ್ಟೇಟಿನ ಕೂಲಿಯಾಳು. ಬದುಕಲಿಲ್ಲ.

ಕಟ್ಟುವ ಮೊದಲು ಒಂದು ದಿನ ಮಾದಣ್ಣ ಅವಳ ಲ್ಯಾಪ್‌ಟಾಪಿನೊಳಗೆ ಇಣುಕಿ ಕೇಳಿದ್ದರು. “ಈ ಸ್ಪ್ರಿಂಗು ಎಂತದಮ್ಮಾ?”

“ಅದು ಪಕ್ಕದಲ್ಲಿ ಬಿಗಿಯೋ ಹಗ್ಗ, ಲೆಕ್ಕಕ್ಕೆ ಸ್ಪ್ರಿಂಗ್ ಅಂತ ಹಾಕಿದ್ದೀನಿ. ಸೇತುವೆ ಆಚೆ ವಾಲಿದ್ರೆ ಎಳೆದು ಹಿಡಿಯುತ್ತೆ, ಈಚೆ ವಾಲಿದ್ರೆ ತಳ್ಳುತ್ತೆ.”

ಮಾದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. “ಹಗ್ಗ ಎಲ್ಲಾದ್ರೂ ತಳ್ತದಾ, ಅಮ್ಮಾ?”

ಅವಳೂ ನಕ್ಕಿದ್ದಳು. ನಕ್ಕು, ತಿದ್ದುವುದನ್ನೇ ಮರೆತಿದ್ದಳು! ಸೇತುವೆ ಬಿದ್ದ ದಿನ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಫೈಲು ತೆರೆದರೆ ಆ ಸ್ಪ್ರಿಂಗುಗಳು ಹಾಗೇ ಇದ್ದವು, ಎಳೆಯುತ್ತಾ, ತಳ್ಳುತ್ತಾ. ಯಾರಿಗೂ ಹೇಳದೆ ಕೆಲಸ ಬಿಟ್ಟಳು, ನಂಬರ್ ಬದಲಿಸಿದಳು. ಆದರೆ ಆ ಮಾತು ಅವಳನ್ನು ಬಿಡಬೇಕಲ್ಲ? ಹೊಸ ಕೆಲಸದಲ್ಲೂ ಸಾಫ್ಟ್‌ವೇರ್ ತೆರೆದಾಗಲೆಲ್ಲ ಬೆನ್ನ ಹಿಂದೆ ಅದೇ ನಗು. ಈಗಲೂ, ಈ ಹಾಡಹಗಲಿನಲ್ಲೂ, ಆಚೆ ದಡದಲ್ಲಿ ಹಳೆ ಸೇತುವೆಯ ಮುರಿದ ಕಂಬದ ಬಳಿ ಯಾರೋ ನಿಂತು ಕೇಳಿದಂತಾಯಿತು. ಹಗ್ಗ ತಳ್ತದಾ, ಅಮ್ಮಾ?

ಇನ್ನು ತಡೆಯಲಾಗಲಿಲ್ಲ.

“ಗಿರಿ… ನಿನ್ನಪ್ಪನ ಪ್ರಾಣ ತೆಗೆದವಳು ನಾನು!”

“ಎಂತ ಮಾತಾಡ್ತೀಯ?”

ಬಿಕ್ಕುತ್ತಾ ಎಲ್ಲ ಹೇಳಿದಳು. ಗಿರಿ ಬಂಡೆಯ ಮೇಲೆ ಕೂತ.

“ಅಯ್ಯೋ ಮಾರಾಯ್ತಿ! ಅಪ್ಪ ಆವತ್ತು ಮನೆಗೆ ಬಂದು ನನಗೂ ಹೇಳಿ ನಕ್ಕಿದ್ರು. ಮಾರನೇ ದಿನ ಆಫೀಸಿನ ಫೈಲಲ್ಲಿ ಆ ಸ್ಪ್ರಿಂಗನ್ನೆಲ್ಲ ‘ಎಳೆತಕ್ಕೆ ಮಾತ್ರ’ ಅಂತ ನಾನೇ ತಿದ್ದಿದೆ. ಹಗ್ಗಾನೂ ದಪ್ಪ ಮಾಡಿಸ್ದೆ. ಕಟ್ಟಿದ್ದು ಆ ಲೆಕ್ಕದ ಹಾಗೇ. ಬೀಳಿಸಿದ್ದು ಹೊಳೆಯಲ್ಲಿ ತೇಲಿ ಬಂದ ಮರ. ತನಿಖೆಯಲ್ಲೂ ಅದೇ ಬಂತು.”

“ಮತ್ತೆ… ನನಗ್ಯಾಕೆ ಹೇಳ್ಲಿಲ್ಲ?”

“ನಿನಗೆ ನಾಚಿಕೆ ಆಗ್ತದೆ ಅಂತ ಸುಮ್ಮನಿದ್ದೆ. ಆಮೇಲೆ ನೀನೇ ಇರ್ಲಿಲ್ಲ! ಕೂಲಿಯವರ ಲೈನ್‌ಮನೆಯ ಹುಡುಗ ಬೇಡ ಅಂತ ಬಿಟ್ಟು ಹೋದೆ ಅಂದ್ಕೊಂಡೆ.”

ಛೇ! ಇಬ್ಬರೂ ಒಳಗೊಳಗೇ ಇಟ್ಟುಕೊಂಡಿದ್ದಕ್ಕೆ ಮೂರು ವರ್ಷ ಹಾಳಾಯಿತು.

“ನಿನ್ನ ಬಿಟ್ಟು ಒಂದು ದಿನಾನೂ ನೆಮ್ಮದಿ ಇರ್ಲಿಲ್ಲ ಕಣೋ… ನಿನ್ನಪ್ಪನ ದನಿ ಇನ್ನೂ ಕೇಳುತ್ತೆ.”

“ನನಗೂ ಕೇಳ್ತದೆ. ಇನ್ನು ಒಟ್ಟಿಗೆ ಕೇಳುವ.”

ಗಿರಿ ಕೈ ಚಾಚಿದ. ಅವಳು ಆಚೆಯ ಕಂಬವನ್ನು ಒಮ್ಮೆ ನೋಡಿ, ಮೆಲ್ಲನೆ ಅವನ ಕೈ ಹಿಡಿದಳು.

“ಮತ್ತೆ ದೂರ ತಳ್ಳಲ್ಲ ತಾನೇ?”

ಅವನು ಅವಳನ್ನು ಎದೆಗೆಳೆದುಕೊಂಡು ನಕ್ಕ. ಥೇಟ್ ಅವನಪ್ಪನದೇ ನಗು.

“ಹಗ್ಗ ಎಲ್ಲಾದ್ರೂ ತಳ್ತದಾ?”