ಜ್ವರಕ್ಕೆ ಕೂತ ಮಾತು

"ಮೇಲೆ ಕೇಳೋರು ಯಾರಪ್ಪಾ...? ಯಾರಪ್ಪಾ ಮೇಲೇ...?!"

ಆ ಕೂಗಿಗೆ ತೆರಕಣಾಂಬಿ ತರಕಾರಿ ಮಾರುಕಟ್ಟೆಯ ತಗಡಿನ ಚಾವಣಿ ಒಂದು ಮಾರು ಮೇಲಕ್ಕೆ ಹಾರಿ, ಮತ್ತೆ ಬಂದು ತನ್ನ ಜಾಗದಲ್ಲಿ ಕೂತಿತು!

ಹರಾಜು ಕೂಗುವ ನಿಂಗರಾಜುವಿನ ಗಂಟಲೇ ಅಂಥದ್ದು. ಅವನು ಇಲ್ಲಿ ಬೀನ್ಸ್ ಕೂಗಿದರೆ ಗೋಪಾಲಸ್ವಾಮಿ ಬೆಟ್ಟದ ಆನೆಗಳು ಅಲ್ಲಿ ಕಿವಿ ಬೀಸುವುದನ್ನು ನಿಲ್ಲಿಸಿ ದರ ಕೇಳಿಸಿಕೊಳ್ಳುತ್ತವೆ. ಅನುಮಾನವಿದ್ದರೆ ಹೋಗಿ ಆನೆಗಳನ್ನೇ ವಿಚಾರಿಸಿ!

ಆ ಗಳಿಗೆಯಲ್ಲಿ ಸರಿಯಾಗಿ ಅವನ ಬೆನ್ನ ಹಿಂದೆ ಟೊಮೆಟೊ ಕ್ರೇಟ್ ಹಿಡಿದು ನಿಂತಿದ್ದವಳು ಶಿವರಂಜಿನಿ. ಸೋದರಮಾವ ಚಿಕ್ಕಬಸವಯ್ಯನ ಬೆಳೆ ಮಾರಲು ಜೊತೆಗೆ ಬಂದಿದ್ದಳು, ಪಾಪ.

ಧಡ್!

ಕ್ರೇಟ್ ನೆಲಕ್ಕೆ. ಟೊಮೆಟೊ ದಿಕ್ಕಾಪಾಲು. ಹುಡುಗಿಯ ಕಣ್ಣಲ್ಲಿ ನೀರು!

ಶಿವರಂಜಿನಿ ಹಾಗೇ. ಆಚೆ ಬೀದಿಯಲ್ಲಿ ಕುಕ್ಕರ್ ಕೂಗಿದರೆ ಇವಳ ಎದೆ ಜಿಗಿಯುತ್ತಿತ್ತು. ಯಾರೋ ಯಾರನ್ನೋ ಬೈದರೆ ಇವಳಿಗೆ ಅನ್ನ ಸೇರುತ್ತಿರಲಿಲ್ಲ. 'ಮುಟ್ಟಿದರೆ ಮುನಿ' ಎಂದು ನೆಂಟರೆಲ್ಲ ಹೆಸರಿಟ್ಟಿದ್ದರು.

ನಿಂಗರಾಜು ತಿರುಗಿ ನೋಡಿದ. ನೋಡಿದ... ನೋಡುತ್ತಲೇ ಇದ್ದ! ಮಾರುಕಟ್ಟೆ ಹುಟ್ಟಿದಂದಿನಿಂದ ನಡೆಯದ್ದು ನಡೆಯಿತು: ಅರ್ಧಕ್ಕೆ ಹರಾಜು ನಿಂತಿತು.

"ಎದ್ರುಕಂಡ್ರಾ...? ತಪ್ಪಾಯ್ತು. ನನ್ ಗಂಟ್ಲೇ ಇಂಗೆ..." ಪಿಸುದನಿ! ಮಂಡಿಯೂರಿ ಟೊಮೆಟೊಗಳನ್ನು ಒಂದೊಂದಾಗಿ ಹೆಕ್ಕತೊಡಗಿದ.

"ಏನ್ಲಾ ನಿಂಗ, ಗಂಟ್ಲಿಗೆ ಬೀಗ ಬಿತ್ತಾ?" ವ್ಯಾಪಾರಿ ಮಾದೇಶ್ ಕಿಚಾಯಿಸಿದ. "ಹುಡ್ಗಿ ನೋಡ್ದೇಟ್ಗೆ ರೇಟೇ ಮರ್ತ್‌ಬುಟ್ಟೆ ಕಣ್ಲಾ!"

ಅಳುತ್ತಿದ್ದವಳು ಫಕ್ಕನೆ ನಕ್ಕುಬಿಟ್ಟಳು. ಆ ನಗು ನೋಡಿ ಪಕ್ಕದ ರಾಶಿಯ ಹಸಿ ಟೊಮೆಟೊ ಕೂಡ ಕೆಂಪಾಯಿತಂತೆ!

ಆಮೇಲೆ ಕೇಳಬೇಕೆ? ಫೋನಿನಲ್ಲಿ ಅವನು ಎಷ್ಟು ಮೆಲ್ಲಗೆ ಮಾತಾಡುತ್ತಿದ್ದನೆಂದರೆ, ಒಮ್ಮೊಮ್ಮೆ ಅವಳೇ "ಸ್ವಲ್ಪ ಜೋರಾಗಿ ಹೇಳ್ರೀ" ಅನ್ನಬೇಕಾಗುತ್ತಿತ್ತು. ಮಾವ ಮುಂದೆ ನಿಂತು ಮದುವೆ ಮಾತಾಡಿದ. ಭೀಮನಬೀಡಿನ ಅವನ ಮನೆಯಲ್ಲಿ ವೀಳ್ಯಶಾಸ್ತ್ರವೂ ಆಯಿತು. ಒಬ್ಬರಿಗೊಬ್ಬರು ಉಂಗುರ ತೊಡಿಸಿದರು.

ಎಲ್ಲ ಚೆನ್ನಾಗಿತ್ತು... ಆ ಭಾನುವಾರದವರೆಗೆ!

ಅಂದು ಗುಂಡ್ಲುಪೇಟೆ ಹೊರಗಿನ ಚೆಂಡುಹೂವಿನ ಹೊಲದ ಬದುವಿನಲ್ಲಿ ಇಬ್ಬರೂ ಕೂತಿದ್ದರು. ಅವನು ಹೆಮ್ಮೆಯಿಂದ ಹೇಳಿದ.

"ಅವ್ವುಂಗೆ ಹೇಳ್ಬುಟ್ಟಿವ್ನಿ. ಮದ್ವೆ ಆದ್ಮೇಲೆ ನೀನು ಕೆಲ್ಸುಕ್ಕೆ ಓಗಂಗಿಲ್ಲ."

ಅವಳ ಕೆಲಸ ಚಾಮರಾಜನಗರದ ಚಾಕಿ ಕೇಂದ್ರದಲ್ಲಿ. ರೇಷ್ಮೆ ಮರಿಹುಳುಗಳನ್ನು ಸಾಕಿ ರೈತರಿಗೆ ಕೊಡುವ ಜಾಗ. ಇಡೀ ಭೂಮಂಡಲದಲ್ಲಿ ಅವಳ ಎದೆ ನೆಟ್ಟಗೆ ಬಡಿಯುತ್ತಿದ್ದದ್ದು ಅಲ್ಲೊಂದೇ ಕಡೆ!

"ನನ್ನ ಕೇಳ್ಲೇ ಇಲ್ವಲ್ಲ..."

"ಕೇಳಾದೇನು? ಅಷ್ಟ್ ದೂರ ಬಸ್ಸು, ನೂಕುನುಗ್ಲು, ಆರನ್ ಸದ್ದು... ನೀನು ಮೆತ್ಗಿನ್ ಜೀವ ಕಣಮ್ಮಿ. ತಡಕತೀಯಾ?"

ಮೆತ್ತಗಿನ ಜೀವ! ಪ್ರೀತಿಯಿಂದಲೇ ಅಂದದ್ದು. ಅದಕ್ಕೇ ಇನ್ನಷ್ಟು ಆಳಕ್ಕೆ ಚುಚ್ಚಿತು. ಹೇಳಲು ಅವಳೊಳಗೆ ಸಾವಿರ ಮಾತು ಎದ್ದವು, ಸಾವಿರವೂ ಗಂಟಲಲ್ಲೇ ಸಿಕ್ಕಿಬಿದ್ದವು. ಕಿವಿ ಗುಂಯ್ ಅಂದಿತು. ಕೈ ತಣ್ಣಗಾಯಿತು.

"ಯಾಕ್ ಸುಮ್ಕಾದೆ? ಏನಾರ ಮಾತಾಡು!" ಗಾಬರಿಯಾದಷ್ಟೂ ಅವನ ದನಿ ಏರಿತು. "ನಾನ್ ಬ್ಯಾಡ್ವಾ ನಿಂಗೆ? ಹೇಳು! ಹೇಳ್‌ಬುಡು!"

ಅವಳು ಕಲ್ಲಾಗಿ ಕೂತಳು.

ಹರಾಜಿನ ಕಟ್ಟೆಗೊಂದು ನಿಯಮವಿದೆ. ಕೂಗಿಗೆ ಎದುರು ಕೂಗು ಬರದಿದ್ದರೆ ವ್ಯಾಪಾರ ಮುಗಿದಂತೆ. ಆಮೇಲೆ ದೇವರು ಬಂದರೂ ಹರಾಜು ಮತ್ತೆ ತೆರೆಯುವುದಿಲ್ಲ. ಮೀಸೆ ಮೂಡುವ ಮೊದಲೇ ಆ ಕಟ್ಟೆ ಹತ್ತಿದ್ದ ನಿಂಗರಾಜು, ಅವಳ ಮೌನವನ್ನೂ ಅದೇ ತಕ್ಕಡಿಯಲ್ಲಿ ತೂಗಿಬಿಟ್ಟ!

"ಗೊತ್ತಾಯ್ತು ಬುಡು," ಅಂದ. ಅವಳನ್ನು ಬಸ್ಸಿಗೆ ಹತ್ತಿಸಿ ಹೋದ.

ಮರುದಿನ ಬೆಳಗ್ಗೆ, ಅವಳಾಗಲೇ ಚಾಕಿ ಕೇಂದ್ರಕ್ಕೆ ಬಂದಿದ್ದಾಗ, ಮಾವನ ಫೋನು.

"ಏನ್ ಮಾಡ್ಕಂಡ್ಯಮ್ಮಿ ನೀನು? ಹುಡ್ಗಿಗೆ ಮನ್ಸಿಲ್ಲ ಅಂದವ್ನಂತೆ ನಿಂಗ! ಅವ್ರವ್ವ ಗುರುಮಲ್ಲಮ್ಮ ಮಧ್ಯಾನ್ಕೆ ಉಂಗ್ರ ವಾಪಸ್ ಕೊಡಕ್ಕೆ ನಿಮ್ಮನೆಗೆ ಒರಡ್ತಾವ್ರೆ!"

ಮನಸ್ಸಿಲ್ಲವೇ? ನನಗಾ?! ಅವಳು ಫೋನ್ ಇಟ್ಟಳು. 'ಅಷ್ಟು ಪ್ರೀತಿ ಇದ್ದಿದ್ದರೆ ನನ್ನ ಮೌನ ಅವರಿಗೆ ಅರ್ಥ ಆಗಬೇಕಿತ್ತು... ಆಗಲಿಲ್ಲ ಅಂದ್ರೆ ಮುರಿದೇ ಹೋಗಲಿ!'

ಅಷ್ಟರಲ್ಲಿ, ಹೊಸದಾಗಿ ಕೆಲಸಕ್ಕೆ ಸೇರಿದ್ದ ಗೆಳತಿ ಭವ್ಯ ಕಿರುಚಿದಳು.

"ಅಯ್ಯೋ ರಂಜಿನಿ! ಈ ಟ್ರೇನಲ್ಲಿ ಹುಳ ಎಲ್ಲಾ ಸತ್ತೋಗವೆ ಕಣೇ! ಎಸ್ದುಬುಡ್ಲಾ?"

"ಮುಟ್ಬೇಡ!" ಶಿವರಂಜಿನಿ ಓಡಿಬಂದಳು. ಹುಳುಗಳು ತಲೆಯೆತ್ತಿ, ಒಂದಿಷ್ಟೂ ಅಲುಗದೆ ಕೂತಿದ್ದವು. "ಸತ್ತಿಲ್ಲ ಕಣೇ. ಪೊರೆ ಬಿಡೋ ಮುಂಚೆ ಹೀಗೇ ಕೂರ್ತವೆ. ಜ್ವರ ಅಂತೀವಿ. ಆಗ ಸೊಪ್ಪು ಹಾಕಂಗಿಲ್ಲ, ಅಲ್ಲಾಡಿಸಂಗಿಲ್ಲ. ಬಿಟ್ರೆ ತಾವೇ ಏಳ್ತವೆ, ಎದ್ದು ತಿಂತವೆ."

"ನಂಗೇನ್ ಕನಸು ಬಿದ್ದಿತ್ತಾ? ನೀನು ಹೇಳ್ದಿದ್ರೆ ತಿಪ್ಪೆಗೆ ಸುರೀತಿದ್ದೆ!"

ಶಿವರಂಜಿನಿ ನಿಂತಲ್ಲೇ ನಿಂತಳು.

ನಾನು ಹೇಳಿದ್ದೆನಾ...? ಒಂದು ದಿನವಾದರೂ ಅವರಿಗೆ ಹೇಳಿದ್ದೆನಾ?!

"ಭವ್ಯ, ಇವತ್ತೊಂದಿನ ನನ್ ಟ್ರೇ ನೋಡ್ಕೋ!"

ಬಸ್ಸು ತೆರಕಣಾಂಬಿಗೆ ಹಾರಿಬಂದಿತು! ಚಾಲಕ ನಿಧಾನವಾಗಿಯೇ ಓಡಿಸಿದ್ದ. ಅವಳ ಎದೆಬಡಿತವೇ ಇಂಜಿನ್ನಾಗಿತ್ತು.

ಮಾರುಕಟ್ಟೆಯೊಳಗೆ ಸಾವಿರ ಸಿಡಿಲು ಒಟ್ಟಿಗೆ ಸಂತೆಗೆ ಬಂದಿದ್ದವು. ಲಾರಿ ಹಾರನ್ನು, ಹಮಾಲರ ಕೂಗು, ಮಲಯಾಳಿ ವ್ಯಾಪಾರಿಗಳ ಗದ್ದಲ. ಕಾಲು ಹಿಂದಕ್ಕೆ ಎಳೆಯಿತು. ಆದರೂ ಬೀನ್ಸ್ ರಾಶಿಯ ಪಕ್ಕ ನಿಂತು ಕಣ್ಣು ಕೆಂಪಾಗಿಸಿಕೊಂಡು ಕೂಗುತ್ತಿದ್ದವನ ಬಳಿಗೆ ಜನರನ್ನು ಸೀಳಿಕೊಂಡು ನಡೆದಳು.

"ರೀ... ನಿಲ್ಸಿ."

ಯಾರಿಗೆ ಕೇಳಿಸಬೇಕು? ಇನ್ನೊಮ್ಮೆ ಅಂದಳು. ಊಹೂಂ!

ಶಿವರಂಜಿನಿ ಕೈ ಚಾಚಿ, ನೂರಾರು ಜನರ ಎದುರೇ, ಅವನ ಬಾಯಿ ಮುಚ್ಚಿಬಿಟ್ಟಳು!

ಮಾರುಕಟ್ಟೆ ಸ್ತಬ್ಧ. ತಕ್ಕಡಿಯ ಮುಳ್ಳು ಕೂಡ ನಿಂತಿತು!

"ಅಯ್ಯಯ್ಯಪ್ಪೋ!" ಮಾದೇಶ್ ತಲೆಯ ಮೇಲೆ ಕೈಯಿಟ್ಟ. "ಮದ್ವೆಗ್ ಮುಂಚೇನೇ ಬಾಯ್ ಕಟ್ಬುಟ್ಳಲ್ಲೋ!"

ಅವಳು ಯಾರನ್ನೂ ನೋಡದೆ ನಿಂಗರಾಜುವನ್ನು ಹೊರಗಿನ ಹುಣಸೆಮರದ ಕೆಳಗೆ ಕರೆದೊಯ್ದಳು.

"ನಂಗೆ ಮನಸ್ಸಿಲ್ಲ ಅಂತ ನಿಮ್ಗೆ ಯಾರ್ ಹೇಳಿದ್ದು?"

"ನೀನೇ! ಅಷ್ಟ್ ಕೇಳ್ದೆ, ಒಂದ್ ಮಾತಾಡ್ಲಿಲ್ಲ."

"ನೋವಾದ್ರೆ ನಂಗೆ ಗಂಟ್ಲು ಕಟ್ಟುತ್ತೆ. ಜೋರು ದನಿ ಬಿದ್ರೆ ಇನ್ನೂ ಕಟ್ಟುತ್ತೆ. ನಮ್ಮ ಹುಳ ಜ್ವರಕ್ಕೆ ಕೂತಂಗೆ, ಆಗ ಅಲ್ಲಾಡಿಸ್ಬಾರ್ದು. ಸುಮ್ನಿದ್ದೆ, ಮುಗಿಸಿರ್ಲಿಲ್ಲ! ಇದನ್ನ ಮೊದ್ಲೇ ಹೇಳ್ದೇ ಇದ್ದದ್ದು ನನ್ ತಪ್ಪು. ನನ್ನ ಕೇಳ್ದೇ ಕೆಲ್ಸ ಬಿಡಿಸ್ತೀನಿ ಅಂದದ್ದು ನಿಮ್ ತಪ್ಪು."

"ನಿನ್ ಒಳ್ಳೇದುಕ್ಕೇ ಅಲ್ವಾ...? ಆ ಬಸ್ಸಲ್ಲಿ..."

"ಹಾರನ್‌ಗೆ ಬೆಚ್ಚಿಬೀಳ್ತೀನಿ, ನಿಜ. ಬೆಚ್ಚಿಬಿದ್ದುಕೊಂಡೇ ಇಷ್ಟು ವರ್ಷ ನಮ್ಮೂರಿಂದ ದಿನಾ ಬಸ್ಸಲ್ಲೇ ಓಡಾಡಿದೀನಿ!"

"ಅದು ಹತ್ರ. ಭೀಮನಬೀಡಿಂದ ಎಷ್ಟ್ ದೂರ ಆಯ್ತದೆ ಗೊತ್ತಾ?" ಅವನ ದನಿ ಮತ್ತೆ ಏರಿತು.

ಅವಳ ಕೈ ತಣ್ಣಗಾಯಿತು. ಕಿವಿ ಗುಂಯ್... ಮತ್ತೆ ಅದೇ! ಆದರೆ ಗಂಟಲ ಬಾಗಿಲು ಪೂರ್ತಿ ಮುಚ್ಚುವ ಮೊದಲು ಮಾತೊಂದನ್ನು ಹೊರಗೆ ತಳ್ಳಿದಳು.

"ನಂಗೆ... ಕೋಪ ಬಂದಿದೆ. ಮೈ ನಡುಗ್ತಿದೆ. ಒಂದು ಟೀ ಕುಡಿಯೋ ಹೊತ್ತು ಬಿಡಿ. ವಾಪಸ್ ಬರ್ತೀನಿ. ಜಗಳ ಇನ್ನೂ ಇದೆ!"

ಅಂದವಳೇ ಹೊರಟುಹೋದಳು.

ನಿಂಗರಾಜು ಮರದಡಿ ನಿಂತ. "ಬಾರ್ಲಾ, ಬೀನ್ಸ್ ಬಾಡ್ತಾ ಅದೆ!" ಎಂದು ಮಾದೇಶ್ ಕೂಗಿದ. ಅಲುಗಲಿಲ್ಲ. ಯುಗಗಳು ಉರುಳಿದವು, ಸಮುದ್ರಗಳು ಬತ್ತಿದವು! ಅವಳು ಹೋದ ದಾರಿಯಿಂದ ಅವನು ಕಣ್ಣು ಕೀಳಲಿಲ್ಲ.

ಬಂದಳು! ಕಣ್ಣು ಒದ್ದೆ, ಬೆನ್ನು ನೆಟ್ಟಗೆ.

"ಕೆಲ್ಸ ಬಿಡಲ್ಲ. ಆಗದೇ ಇದ್ದ ದಿನ ನಾನೇ ಹೇಳ್ತೀನಿ. ನನ್ನ ಬದ್ಲು ನೀವು ಹೇಳ್ಬೇಡಿ."

ನಿಂಗರಾಜು ತಲೆಯಾಡಿಸಿದ.

"ಆಗ್ಲಿ," ಅಂದ ಮೆಲ್ಲಗೆ. "ತಪ್ಪ್ ಮಾಡ್ಬುಟ್ಟೆ. ಕೋಪುಕ್ಕೆ ಕೂಗ್ನಿಲ್ಲ ಕಣಮ್ಮಿ... ನೀನು ಸುಮ್ಕಾದ್ರೆ ನಂಗೆ ಜೀವ ಓದಂಗಾಯ್ತದೆ. ನೀನಿಲ್ದೆ ಆಗಕ್ಕಿಲ್ಲ ನಂಗೆ."

"ನಂಗೂ..." ಅವಳ ಗಂಟಲು ಮತ್ತೆ ಕಟ್ಟಿತು. ಈ ಸಲ ಸುಖಕ್ಕೆ!

ಅವನು ಫೋನ್ ಮಾಡಿದ. "ಅವ್ವಾ, ಒರಡ್‌ಬ್ಯಾಡ. ನಾವೇ ಬತ್ತಾ ಇದೀವಿ."

"ನಾವು ಅಂದ್ರೆ ಯಾರ್ಲಾ?!" ಗುರುಮಲ್ಲಮ್ಮನ ದನಿ. ಆಹಾ, ಮಗನ ಗಂಟಲು ಎಲ್ಲಿಂದ ಬಂತೆಂದು ಗೊತ್ತಾಯಿತು! "ಹುಡ್ಗಿನೂ ಅವ್ಳಾ? ಕರ್ಕಂಬಾ ಮೊದ್ಲು, ಅನ್ನುಕ್ಕಿಡ್ತೀನಿ!"

ಬೈಕ್ ಹತ್ತುವಾಗ ಅವನು ಅಳುಕುತ್ತಾ ಕೇಳಿದ.

"ಇನ್ನೂ ಕೋಪ ಅದಾ?"

"ಇದೆ. ಗುಂಡ್ಲುಪೇಟೆ ದಾಟೋವರ್ಗೂ ಇರುತ್ತೆ."

"ಇರ್ಲಿ ಬುಡು. ಅದ್ನೂ ಕೂರುಸ್ಕಂಡೇ ಓಗನ."

ಶಿವರಂಜಿನಿ ಹಿಂದೆ ಕೂತು, ಅವನ ಹೆಗಲ ಮೇಲೆ ಕೈಯಿಟ್ಟಳು.

"ಹಾಗಾದ್ರೆ... ನಿಧಾನಕ್ಕೆ ಓಡ್ಸಿ."