ಮಂಡಿಯ ಗಂಟು

ಮಳೆ ಹಿಡಿಯುವುದರೊಳಗೆ ಆ ಗುಹೆಯಿಂದ ಒಂದೇ ಒಂದು ಎಲುಬನ್ನು ಹೊರತರಬೇಕಾಗಿತ್ತು. ಲಕ್ಷಾಂತರ ವರ್ಷಗಳ ಹಿಂದಿನ ಯಾವುದೋ ಜೀವದ ಎಡತೊಡೆಯ ಎಲುಬು, ಸೊಂಟದ ಗುಂಡು ಮುರಿದುಹೋಗಿದ್ದರೂ ಮಂಡಿಯ ತುದಿ ಸಮೇತ. ಆ ಜೀವ ನಮ್ಮ ಹಾಗೆ ಎರಡು ಕಾಲಲ್ಲಿ ನಡೆದಿತ್ತೇ ಎಂಬುದಕ್ಕೆ ಅದೇ ಸಾಕ್ಷಿ. ಎಲುಬೋ ನೆನೆದ ಬಿಸ್ಕತ್ತಿನಷ್ಟು ಮೆತ್ತಗೆ. ನೀರು ನುಗ್ಗಿದರೆ, ಏಳು ವರ್ಷ ಅದನ್ನೇ ಹುಡುಕಿದ ಮೇಷ್ಟ್ರಿಗೆ ಸಿಗುವುದು ಬರೀ ಕೆಸರು.

ಹೊರಟವರು ಮೂವರು: ಮೇಷ್ಟ್ರು, ಗುಹೆಗಳಲ್ಲಿ ಪಳಗಿದ ಹಗ್ಗದಣ್ಣ, ಗಾರೆಯಕ್ಕ. ಹಿಂದೆ ಗೋಡೆಗೆ ಗಾರೆ ಮೆತ್ತುತ್ತಿದ್ದ ಅಕ್ಕನ ಕೈ ಈಗ ಸಂಗ್ರಹಾಲಯದ ಎಲುಬುಗಳಿಗೆ ಪ್ಲಾಸ್ಟರ್ ಸುತ್ತುತ್ತಿತ್ತು.

ಗುಹೆ ಮೊದಲು ಅಂಗಳದಷ್ಟು ಅಗಲ. ದೀಪ ಎತ್ತಿದರೆ ಮಾಡಿನಿಂದ ಇಳಿಬಿದ್ದ ಕಲ್ಲುಗಳು ಒದ್ದೆಯಾಗಿ ಮಿನುಗುತ್ತಿದ್ದವು. ಆಮೇಲೆ ಬಂಡೆಗಳು ಎರಡೂ ಕಡೆಯಿಂದ ಒತ್ತಿಕೊಂಡು ಬಂದು, ಕೊನೆಗೆ ತೆವಳಲೂ ಕಷ್ಟವಾದ ಒಂದು ಸಂದಿ. ಅದರಾಚೆಗೆ ಎಲುಬಿನ ಕೋಣೆ.

ಅಲ್ಲಿ ಗಾರೆಯಕ್ಕ ಎಲುಬಿಗೆ ಪ್ಲಾಸ್ಟರ್ ಸುತ್ತುತ್ತಿದ್ದಾಗ ಮೇಷ್ಟ್ರು ವಿವರಿಸಿದ್ದರು: ಎದ್ದು ನಡೆಯುವವರ ತೊಡೆಯೆಲುಬು ಸೊಂಟದಿಂದ ಮಂಡಿಗೆ ಓರೆಯಾಗಿ ಒಳಕ್ಕಿಳಿಯುತ್ತದೆ, ಅದಕ್ಕೇ ಪಾದ ಮೈಭಾರದ ಕೆಳಗೇ ಬೀಳುತ್ತದೆ. ಅಕ್ಕ ಹೂಂಗುಟ್ಟಿದಳು. ಆದರೆ ಗೋಡೆಯವಳ ಕೈ ಕೇಳಬೇಕಲ್ಲ? ಮಂಡಿಯನ್ನು ಸಮತಟ್ಟಾಗಿ ಕೂರಿಸಿ, ಮಣ್ಣು ಮೆತ್ತಿ ಓರೆಯೋ ನೇರವೋ ಕಾಣದ ಎಲುಬಿನ ಸುತ್ತ ಇಟ್ಟಿಗೆಯ ಹಾಗೆ ಚೌಕವಾಗಿ ಗಂಟು ಕಟ್ಟಿತು. ಎಲುಬಿನ ಮುಂಭಾಗದ ಗುರುತಿಗೆ ‘ಮುಂದೆ’ ಎಂದು ಮೇಲೆ ಬರೆದಳು. ಅಳತೆಗೆ ತನ್ನ ಹೆಗಲನ್ನೇ ನಂಬಿದ್ದಳು. ತಾನು ತೂರಿದ ಸಂದಿಯಲ್ಲಿ ಗಂಟೂ ತೂರಬೇಕು.

ತೂರಲಿಲ್ಲ. ಮಂಡಿಯ ತುದಿ ದಾಟಿತು. ತಿರುವಿನಲ್ಲಿ ಹಿಂದೆ ಬರುತ್ತಿದ್ದ ಸೊಂಟದ ತುದಿಯ ಮೂಲೆ ಕಚ್ಚಿಕೊಂಡಿತು.

“ನೀನು ಉಸಿರು ಬಿಟ್ಟು ತೂರಿದೆಯಕ್ಕ,” ಎಂದ ಹಗ್ಗದಣ್ಣ. “ಪ್ಲಾಸ್ಟರ್ ಉಸಿರು ಬಿಡುತ್ತಾ?”

ಆಗಲೇ ನೆಲದಲ್ಲಿ ನೀರಿನ ಸದ್ದು. ಹೊರಗೆ ಮಳೆ ಶುರುವಾಗಿತ್ತು.

ನೀರು ಹಿಮ್ಮಡಿ ಮುಟ್ಟಿತು. ಗಂಟನ್ನು ಎರಡು ತುಂಡು ಮಾಡೋಣವೆಂದು ಹಗ್ಗದಣ್ಣ ಅವಸರಪಡಿಸಿದ.

“ಮಂಡಿ ಬೇರೆ, ಎಲುಬಿನ ಕೋಲು ಬೇರೆ ಆದರೆ ಓರೆ ಎಲ್ಲಿ ಅಳೀಲಿ?” ಮೇಷ್ಟ್ರ ದನಿ ಬಿದ್ದುಹೋಗಿತ್ತು.

ಗಂಟನ್ನು ಹಿಂದಕ್ಕೆಳೆದರು. ಸೊಂಟದ ತುದಿಯ ಎರಡು ಮೂಲೆಗಳಲ್ಲಿ ಒಂದನ್ನು ಕೊಯ್ಯಬೇಕು. ಯಾವುದು? ತಪ್ಪಿದರೆ ಗರಗಸ ಎಲುಬಿಗೇ.

ಗಾರೆಯಕ್ಕ ನೀರಿನಲ್ಲೇ ಕೂತು ಎಡಗಾಲು ಚಾಚಿದಳು. ‘ಮುಂದೆ’ ಎಂಬ ಬರಹ ಮೇಲೆ ಬರುವಂತೆ ಗಂಟನ್ನು ತೊಡೆಯ ಮೇಲಿಟ್ಟಳು, ಮಂಡಿಗೆ ಮಂಡಿ ಸರಿಯಾಗಿ. ಸೊಂಟದ ಹೊರಗಿನಿಂದ ಮಂಡಿಯವರೆಗೆ ಬೆರಳೆಳೆದಳು. ಎಲುಬು ಮೇಲಕ್ಕೆ ಹೋದಂತೆ ಹೊರಕ್ಕೆ ವಾಲುತ್ತದೆ. ಹಾಗಾದರೆ ಒಳಮಗ್ಗುಲಿನ ಮೇಲ್ಮೂಲೆ ಬರೀ ಪ್ಲಾಸ್ಟರ್.

“ಅದು ಎದ್ದು ನಡೆದೇ ಇರಲಿಲ್ಲ ಅಂದರೆ, ಮೇಷ್ಟ್ರೇ?”

ಎಲುಬು ನೇರವಿದ್ದರೆ ಅಲಗಿಗೆ ಸಿಗುತ್ತದೆ ಎಂಬುದು ಮೇಷ್ಟ್ರಿಗೂ ಗೊತ್ತಿತ್ತು. “ಕೊಯ್ಯಮ್ಮ,” ಎಂದರು.

ಅಲಗು ಕಚ್ಚಿತು. ಬಿಳಿ ಪುಡಿ. ಮತ್ತೆ ಬಿಳಿ. ನೀರು ಸೊಂಟಕ್ಕೇರಿತು. ಹಗ್ಗದಣ್ಣ ಗಂಟನ್ನು ಎದೆಗೆತ್ತಿ ಹಿಡಿದ. ಕಂದು ಬಣ್ಣ ಕಾಣುತ್ತದೇನೋ ಎಂದು ಅಕ್ಕ ಕಣ್ಣು ಮಿಟುಕಿಸದೆ ಕೊಯ್ದಳು.

ಮೂಲೆ ಕಳಚಿ ಬಿತ್ತು. ಕೊಯ್ದ ಮೈ ಪೂರ್ತಿ ಬೆಳ್ಳಗಿತ್ತು.

ಈ ಸಲ ಗಂಟು, ಪ್ಲಾಸ್ಟರಿನೊಳಕ್ಕೆ ನೀರು ಇಳಿಯುವುದರೊಳಗೆ, ಉಜ್ಜಿಕೊಂಡೇ ದಾಟಿತು. ಮೂವರೂ ಅದರ ಹಿಂದೆ, ಮೂಗಿನವರೆಗಿನ ನೀರಿನಲ್ಲಿ.

ಗುಹೆಯ ಬಾಯಿಗೆ ಬಂದ ಮೇಲೂ ಮೇಷ್ಟ್ರು ಅಂಬೆಗಾಲಲ್ಲೇ ಇದ್ದರು, ಒಂದು ಕೈ ಗಂಟಿನ ಮೇಲೆ.

“ಏಳಿ ಮೇಷ್ಟ್ರೇ,” ಎಂದಳು ಗಾರೆಯಕ್ಕ, ಅವರ ರಟ್ಟೆ ಹಿಡಿದು. “ಇದೇ ಎದ್ದು ನಡೆದಿದೆಯಂತೆ, ನಿಮಗೇನು ಬಂತು?”