ಸೈಕಲ್ ಶೆಡ್ಡಿನ ಏಳು ಬೆಕ್ಕುಗಳು

ಫಿನಾಯಿಲ್ ವಾಸನೆ ಬಂದರೆ ಬೆಕ್ಕಿನ ಮೇಡಂಗೆ ಇಂದಿಗೂ ಮೂರನೇ ಕ್ಲಾಸು ನೆನಪಾಗುತ್ತದೆ. ಅವರ ಶಾಲೆಯನ್ನು ಫಿನಾಯಿಲ್ ಹಾಕಿ ತೊಳೆಯುತ್ತಿದ್ದದ್ದು ವರ್ಷಕ್ಕೆ ಒಂದೇ ದಿನ, ಇನ್‌ಸ್ಪೆಕ್ಟರ್ ಬರುವ ದಿನ. ಮುರಿದ ಬೆಂಚುಗಳು ಅವತ್ತು ಉಗ್ರಾಣ ಸೇರುತ್ತಿದ್ದವು. ಪಾಠ ಒಪ್ಪಿಸಲು ಬಾರದ ಮಕ್ಕಳಿಗೆ ಅವತ್ತು ರಜೆ. ಆ ವಾಸನೆಗೂ ಏನನ್ನಾದರೂ ಮರೆಮಾಡುವುದಕ್ಕೂ ನಂಟಿದೆ ಎಂದು ಅವರು ಎಂಟನೇ ವಯಸ್ಸಿನಲ್ಲೇ ಕಂಡುಕೊಂಡಿದ್ದರು.

ಈಗ ಅರವತ್ತೊಂಬತ್ತನೇ ವಯಸ್ಸಿನಲ್ಲಿ, ಬೆಳಿಗ್ಗೆ ಆರೂಮುಕ್ಕಾಲಿಗೆ, ಅಪಾರ್ಟ್‌ಮೆಂಟಿನ ಹಿಂದಿನ ಸೈಕಲ್ ಶೆಡ್ಡಿನ ಮುಂದೆ ಅದೇ ವಾಸನೆ.

ನೆಲ ಒದ್ದೆಯಾಗಿತ್ತು. ಏಳು ತಟ್ಟೆಗಳು ಒಂದರ ಮೇಲೊಂದು ಕೂತಿದ್ದವು. ಬೆಕ್ಕು ಒಂದೂ ಇರಲಿಲ್ಲ.

ಮೇಡಂ ಚಮಚದಿಂದ ತಟ್ಟೆ ಬಡಿದರು. ಆ ಸದ್ದಿಗೆ ಗೋಡೆಯ ಮೇಲಿಂದ, ಸ್ಕೂಟರಿನ ಕೆಳಗಿಂದ ಬೆಕ್ಕುಗಳು ಓಡಿ ಬರಬೇಕಿತ್ತು. ಯಾವುದೂ ಬರಲಿಲ್ಲ. ಶೆಡ್ಡಿನ ಮೂಲೆಯ ಹಳೇ ಕಪಾಟಿನ ಹಿಂದಿನಿಂದ ಮಾತ್ರ ಸಣ್ಣ ಅಳು ಕೇಳಿಸಿತು. ಮೂರು ಮರಿಗಳು. ಹದಿನೈದು ದಿನದವು, ಕಣ್ಣು ಈಗಷ್ಟೇ ಬಿಟ್ಟಿದ್ದವು. ಪಕ್ಕದಲ್ಲಿ ತಾಯಿ ಇರಲಿಲ್ಲ.

ಮೇಡಂ ನಲವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ನಿವೃತ್ತಿಯಾದ ಮೇಲೆ ನಾಲ್ಕೈದು ಜನ ಸಮವಯಸ್ಕರನ್ನು ಕಟ್ಟಿಕೊಂಡು ಈ ಕೆಲಸಕ್ಕೆ ಇಳಿದಿದ್ದರು. ಬೀದಿಬೆಕ್ಕುಗಳನ್ನು ಪಂಜರದಲ್ಲಿ ಹಿಡಿಯುವುದು, ಪಶುವೈದ್ಯರ ಬಳಿ ಮರಿಯಾಗದಂತೆ ಆಪರೇಷನ್ ಮಾಡಿಸುವುದು, ಹಿಡಿದ ಜಾಗಕ್ಕೇ ತಂದು ಬಿಟ್ಟು ನೋಡಿಕೊಳ್ಳುವುದು. ಆಪರೇಷನ್ ಆದದ್ದಕ್ಕೆ ಗುರುತಾಗಿ, ಮಂಪರಿನಲ್ಲಿರುವಾಗಲೇ ಎಡಗಿವಿಯ ತುದಿಯನ್ನು ಚೂರು ಕತ್ತರಿಸಿರುತ್ತಾರೆ. ಈ ಕಾಂಪೌಂಡಿನಲ್ಲಿ ಮೊದಲು ಇಪ್ಪತ್ತೆರಡು ಬೆಕ್ಕುಗಳಿದ್ದವು. ಈಗ ಆರು, ಆರಕ್ಕೂ ಕಿವಿ ಕತ್ತರಿಸಿತ್ತು. ಏಳನೆಯದು ಮಸಿ, ಎಲ್ಲಿಂದಲೋ ಬಂದು ಇಲ್ಲಿ ಈದ ಕಪ್ಪು ಬೆಕ್ಕು. ಹಾಲೂಡುವ ತಾಯಿಯನ್ನು ಅವರು ಹಿಡಿಯುವುದಿಲ್ಲ. ಅದು ನಿಯಮ.

"ಏನಣ್ಣ, ಬೆಕ್ಕುಗಳೆಲ್ಲಿ?" ಎಂದರು ಮೇಡಂ, ಗೇಟಿಗೆ ಬಂದು.

ಗೇಟಿನ ಅಣ್ಣ ಎಂದರೆ ಕಾವಲುಗಾರ. ಮೇಡಂ ಇಲ್ಲದ ದಿನ ಬೆಕ್ಕುಗಳಿಗೆ ಊಟ ಹಾಕುವವನೂ ಅವನೇ.

"ನಿಮ್ಮೋರೇ ತಗೊಂಡು ಹೋದ್ರಲ್ಲ ಮೇಡಂ, ಐದೂವರೆಗೆ. ಆಪರೇಷನ್‌ಗೆ ಅಂದ್ರು."

"ನಮ್ಮೋರು ಅಂದ್ರೆ ಯಾರು?"

"ಇಬ್ರು ಗಂಡಸ್ರು. ಮಾಸ್ಕು, ಟೋಪಿ. ತಳ್ಳುಗಾಡಿ ಮೇಲೆ ಪಂಜರ, ಮೇಲೆ ಬಟ್ಟೆ ಹೊದಿಸಿದ್ರು. ನೀವೂ ಹಂಗೇ ಹೊದಿಸ್ತೀರಲ್ಲ? ನಿನ್ನೆ ಚೀಟಿನೂ ಇತ್ತು. ನೀವೇ ಇಟ್ಟಿದ್ದು ಅಂದ್ಕೊಂಡೆ."

ನಿನ್ನೆ ಮೇಡಂ ಊರಿನ ಇನ್ನೊಂದು ತುದಿಯಲ್ಲಿ ಆಪರೇಷನ್ ಶಿಬಿರಕ್ಕೆ ಹೋಗಿದ್ದರು. ಗೇಟಿನ ಅಣ್ಣ ಜೇಬಿನಿಂದ ಚೀಟಿ ತೆಗೆದ. ಟೈಪ್ ಮಾಡಿದ ಚೀಟಿ. 'ನಾಳೆ ಬೆಳಿಗ್ಗೆ ಬೆಕ್ಕುಗಳಿಗೆ ಶಸ್ತ್ರಚಿಕಿತ್ಸೆ. ಇಪ್ಪತ್ತನಾಲ್ಕು ಗಂಟೆ ಯಾವ ಆಹಾರವನ್ನೂ ಕೊಡಬೇಡಿ.'

ಮೇಡಂ ಅದನ್ನು ಕರಡು ಓದುವ ಹಾಗೆ ಮೂರು ಸಲ ಓದಿದರು. ಎರಡನೇ ವಾಕ್ಯದಲ್ಲಿ ಅವರ ಕಣ್ಣು ನಿಂತಿತು.

"ಮತ್ತೆ ನೆಲ ತೊಳೆದದ್ದು?"

"ಅದು ನಾನೇ. ಸಂಜೆ ಮೀಟಿಂಗ್ ಇದೆ, ಹಿಂದೆಲ್ಲ ಫಿನಾಯಿಲ್ ಹಾಕಿ ತೊಳಿ ಅಂತ ಸೆಕ್ರೆಟರಿ ಸಾಹೇಬ್ರು ಹೇಳಿದ್ರು." ಅವನ ಮುಖ ಸಣ್ಣದಾಯಿತು. "ನಾನೇ ಗೇಟು ತೆಗೆದೆ ಮೇಡಂ. ನನ್ನ ಕೈಯಾರೆ."

"ನಿನಗೆ ಮೋಸ ಮಾಡಿದ್ದಾರೆ. ಅದು ನಿನ್ನ ತಪ್ಪಲ್ಲ," ಎಂದರು ಮೇಡಂ.

* * *

ಸಂಜೆಯ ಸಭೆಯ ಮಹತ್ವ ಮೇಡಂಗೆ ಚೆನ್ನಾಗಿ ಗೊತ್ತಿತ್ತು. ಬೆಕ್ಕುಗಳಿರುವ ತನಕ ಶೆಡ್ಡು ಬೆಕ್ಕುಗಳಿಗೆ, ಬೆಕ್ಕುಗಳಿಲ್ಲದಿದ್ದರೆ ಕಾರು ನಿಲ್ಲಿಸಲು ಎಂದು ಅಪಾರ್ಟ್‌ಮೆಂಟಿನ ಸಂಘ ಕಳೆದ ವರ್ಷ ಬರೆದುಕೊಟ್ಟಿತ್ತು. ಇವತ್ತು ಅದರ ಪರಿಶೀಲನೆ.

ಆದರೆ ಶೆಡ್ಡಿನ ಚಿಂತೆ ಸಂಜೆಯದು. ಮರಿಗಳ ಚಿಂತೆ ಈಗಿನದು. ಮೇಡಂ ಬುಟ್ಟಿಯಲ್ಲಿ ಬಿಸಿನೀರಿನ ಬಾಟಲಿ ಇಟ್ಟು, ಮೇಲೆ ಟವೆಲ್ ಹಾಸಿ, ಮರಿಗಳನ್ನು ಮಲಗಿಸಿದರು. ಹಾಲುಪುಡಿ ಕಲಸಿ ಸಿರಿಂಜಿನಲ್ಲಿ ಬಿಟ್ಟರು. ಎರಡು ಮರಿ ಕುಡಿದವು. ಮೂರನೆಯದು, ಎಲ್ಲಕ್ಕಿಂತ ಚಿಕ್ಕದು, ಬಾಯಿಯೇ ತೆರೆಯಲಿಲ್ಲ. ಪಶುವೈದ್ಯರಿಗೆ ಫೋನು ಮಾಡಿದರು. "ಮಧ್ಯಾಹ್ನದೊಳಗೆ ತಾಯಿ ಸಿಗಬೇಕು ಮೇಡಂ," ಎಂದರು ಅವರು. "ಇಲ್ಲದಿದ್ದರೆ ಆ ಚಿಕ್ಕದರ ಮೇಲೆ ಆಸೆ ಇಟ್ಕೋಬೇಡಿ."

ಗೇಟಿನ ಹೊರಗೆ ಮರದ ಕೆಳಗೆ ಸಂಘದ ಅಧ್ಯಕ್ಷರು ತಮ್ಮ ಹೊಸ ಕಾರಿನ ಮೇಲಿನ ಹಕ್ಕಿ ಹಿಕ್ಕೆ ಒರೆಸುತ್ತಿದ್ದರು. ಕಣ್ಣಿನ ಡಾಕ್ಟರು. ಎರಡು ವರ್ಷದ ಹಿಂದೆ ಮೇಡಂ ಕಣ್ಣಿನ ಪೊರೆ ತೆಗೆದವರೂ ಅವರೇ. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿದವರಲ್ಲ.

"ಏನಮ್ಮ, ಬೆಳಿಗ್ಗೆ ಬೆಳಿಗ್ಗೆ ಇಷ್ಟು ಗಾಬರಿ?"

ಮೇಡಂ ಹೇಳಿದರು. ಬುಟ್ಟಿಯ ಮುಚ್ಚಳ ಸರಿಸಿ ತೋರಿಸಿದರು.

ಡಾಕ್ಟರ ಕೈಯಿಂದ ಒರೆಸುವ ಬಟ್ಟೆ ಜಾರಿತು. "ಮರಿಗಳಿದ್ವಾ?" ಎಂದರು. ಬಗ್ಗಿ ಬಟ್ಟೆ ಎತ್ತಿಕೊಂಡು, ಕೊಡವಿ, "ಪಾಪ. ಬೆಚ್ಚಗಿಡಿ. ಸೆಕ್ರೆಟರಿಯವರನ್ನೊಮ್ಮೆ ಕೇಳಿ ನೋಡಿ. ನಾನು ಹೇಳಿದೆ ಅಂತ ಬೇಡ," ಎಂದು ಮೆಲ್ಲಗೆ ಹೇಳಿ ಕಾರು ಹತ್ತಿದರು.

* * *

ಸೆಕ್ರೆಟರಿ ಬಾಗಿಲು ತೆರೆದವರೇ ಏಳು ಸಲ ಸೀನಿದರು.

"ಆ ಬುಟ್ಟಿ ಹೊರಗಿಡ್ರೀ. ನನಗೂ ಬೆಕ್ಕಿಗೂ ಏಳು ಜನ್ಮದ ದ್ವೇಷ."

"ಹೊರಗಿಡಲ್ಲ. ನನ್ನ ಬೆಕ್ಕುಗಳೆಲ್ಲಿ ಹೇಳಿ, ಹೋಗ್ತೀನಿ."

"ಓಹೋ, ನಾನ್ ಹಿಡಿಸಿದೆ ಅಂತಾನಾ? ಹಿಡಿಸ್ಬೇಕು ಅಂತ ಆಸೆ ಇತ್ತು, ಸುಳ್ಳು ಹೇಳಲ್ಲ. ಆದ್ರೆ ನಾನು ಮಾಡಿದ್ರೆ ನೋಟಿಸ್ ಮೂರು ಪ್ರತಿ ಕೊಟ್ಟು, ನಿಮ್ಮ ಸಹಿ ಹಾಕಿಸ್ಕೊಂಡು, ಹಾಡುಹಗಲೇ ಮಾಡ್ತಿದ್ದೆ. ಕದ್ದು ಮಾಡೋಕೆ ನಾನೇನು ಕಳ್ಳನೇನ್ರೀ?"

ಮೇಡಂ ಅವರ ಮುಖವನ್ನೇ ನೋಡಿದರು. ಬಲ್ಬು ಬದಲಾಯಿಸಿದ್ದಕ್ಕೂ ರಸೀದಿ ಕೇಳುವ ಮನುಷ್ಯ. ಅವರು ಹೇಳಿದ್ದು ನಿಜವಿರಬೇಕು.

"ಹಾಗಾದ್ರೆ ಒಂದು ಉಪಕಾರ ಮಾಡಿ. ಹೋದ ವರ್ಷ ನಾವು ಕೊಟ್ಟ ಅರ್ಜಿಯ ಫೈಲ್ ತೋರಿಸಿ."

ಸೆಕ್ರೆಟರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೆಳಗಿನ ಆಫೀಸಿಗೆ ಬಂದರು, ಕಬ್ಬಿಣದ ಕಪಾಟು ತೆರೆದರು. ಅರ್ಜಿ ಇತ್ತು. ಅದರ ಹಿಂದೆ ಪಿನ್ ಚುಚ್ಚಿದ ತೂತುಗಳಿದ್ದವು, ಪಿನ್ ಮಾಡಿದ್ದ ತಮ್ಮ ಗುಂಪಿನ ಕರಪತ್ರ ಇರಲಿಲ್ಲ.

"ಈ ಕಪಾಟಿನ ಕೀಲಿ ಯಾರ್ಯಾರಿಗೆ ಕೊಡ್ತೀರಿ?"

"ಕೊಟ್ಟರೆ ಪುಸ್ತಕದಲ್ಲಿ ಬರೀತೀನಿ. ಹೆಸರು, ಹೊತ್ತು, ಸಹಿ." ಪುಸ್ತಕ ತಿರುಗಿಸಿ ತೋರಿಸಿದರು. ಎರಡು ತಿಂಗಳಲ್ಲಿ ಒಬ್ಬರೇ ಕೀಲಿ ಪಡೆದಿದ್ದರು, ಕಳೆದ ಭಾನುವಾರ, ಹತ್ತು ನಿಮಿಷ.

ಮೇಡಂಗೆ ನಂಬಲು ಮನಸ್ಸು ಬರಲಿಲ್ಲ. ಅವರು ಮತ್ತೆ ಗೇಟಿಗೆ ನಡೆದರು.

"ಅಣ್ಣ, ಪಂಜರದ ಮೇಲೆ ಹೊದಿಸಿದ್ದ ಬಟ್ಟೆ ಹೆಂಗಿತ್ತು?"

"ಹಸಿರು ಬಟ್ಟೆ ಮೇಡಂ. ಎಲ್ಲಾದಕ್ಕೂ ಒಂದೇ ಥರ. ನಿಮ್ದು ಹಳೇ ದುಪ್ಪಟಿ ಇರುತ್ತೆ, ಇದು ಇಸ್ತ್ರಿ ಮಾಡಿದ್ದು. ಆದ್ರೆ ನಡುವೆ ತೂತು. ದುಂಡಗೆ, ಚೆನ್ನಾಗಿ ಹೊಲಿಗೆ ಹಾಕಿದ ತೂತು. ಬೆಕ್ಕು ಉಸಿರಾಡ್ಲಿ ಅಂತ ಬಿಟ್ಟಿದ್ದಾರೆ ಅಂದ್ಕೊಂಡೆ. ಎಷ್ಟು ಒಳ್ಳೇ ಜನ ಅನ್ನಿಸ್ತು."

ಮೇಡಂ ಬುಟ್ಟಿಯನ್ನು ಎದೆಗವಚಿಕೊಂಡರು. ಅಂಥ ಬಟ್ಟೆಯ ಕೆಳಗೆ ಅವರೂ ಒಮ್ಮೆ ಮಲಗಿದ್ದರು.

"ಸೆಕ್ರೆಟರಿಯವರೇ, ಬರ್ತೀರಾ? ನನಗೊಬ್ಬರು ಸಾಕ್ಷಿ ಬೇಕು," ಎಂದರು ಆಫೀಸಿಗೆ ವಾಪಸು ಬಂದು.

"ನನಗೆ ಬೆಕ್ಕು ಕಂಡ್ರಾಗಲ್ಲ," ಎಂದರು ಸೆಕ್ರೆಟರಿ, ಚಪ್ಪಲಿ ಮೆಟ್ಟುತ್ತಾ. "ನನ್ನ ಕಪಾಟಿಂದ ಕಾಗದ ಕದ್ದೋರನ್ನ ಕಂಡ್ರೆ ಅದಕ್ಕಿಂತ ಆಗಲ್ಲ."

* * *

ಎರಡು ಬೀದಿಯಾಚೆ ಕಣ್ಣಿನ ಕ್ಲಿನಿಕ್. ಒಂಬತ್ತೂವರೆ ಗಂಟೆ. ಬೆಂಚುಗಳ ಮೇಲೆ ಎಂಟು ರೋಗಿಗಳು ಕಣ್ಣಿಗೆ ಹನಿ ಹಾಕಿಸಿಕೊಂಡು, ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಒರಗಿಸಿ ಕೂತಿದ್ದರು. ಸೆಕ್ರೆಟರಿ ಹೊಸ್ತಿಲಲ್ಲೇ ನಿಂತರು.

"ಟೋಕನ್ ತಗೊಳ್ಳಿ ಅಮ್ಮ," ಎಂದಳು ಮೇಜಿನ ಹಿಂದಿನ ಹುಡುಗಿ. ಇಪ್ಪತ್ತೈದರ ಪ್ರಾಯ, ಬಿಳಿ ಕೋಟು.

"ಬೇಡಮ್ಮ. ನನ್ನ ಕಣ್ಣು ಚೆನ್ನಾಗಿದೆ."

ಮೇಡಂ ಬೆಂಚಿನ ತುದಿಯಲ್ಲಿ ಕೂತು ಬುಟ್ಟಿಯ ಮುಚ್ಚಳ ತೆಗೆದರು. ಬೆಚ್ಚನೆ ಟವೆಲ್ ಸರಿದದ್ದೇ ತಡ, ಮರಿಗಳು ಅಳತೊಡಗಿದವು. ಎರಡು ಜೋರಾಗಿ. ಮೂರನೆಯದು ಕೇಳಿಯೂ ಕೇಳದಂತೆ.

ಹಿಂದಿನ ಮುಚ್ಚಿದ ಬಾಗಿಲಿನಾಚೆಯಿಂದ ತಾಯಿ ಬೆಕ್ಕೊಂದು ಓಗೊಟ್ಟಿತು. ಮೊದಲು ಒಮ್ಮೆ. ಆಮೇಲೆ ಎಡೆಬಿಡದೆ.

ಎಂಟೂ ರೋಗಿಗಳ ತಲೆ ಕಣ್ಣು ಮುಚ್ಚಿಕೊಂಡೇ ಆ ಕಡೆ ತಿರುಗಿತು.

"ಅಲ್ಲಿ ಬೆಕ್ಕಿದೆಯೇನ್ರೀ?" ಎಂದರು ಒಬ್ಬ ಅಜ್ಜ.

"ಇದೆ ಸ್ವಾಮಿ. ಏಳಿವೆ," ಎಂದರು ಮೇಡಂ. "ನಿಮ್ಮ ಡಾಕ್ಟರು ಕದ್ದಿಟ್ಟಿರೋದು."

ಡಾಕ್ಟರು ಹೊರಗೆ ಬಂದರು. ಮುಖದಲ್ಲಿ ನಗು ಇನ್ನೂ ಇತ್ತು. "ಒಳಗೆ ಬನ್ನಿ ಅಮ್ಮ. ಕೂತು ಮಾತಾಡೋಣ."

"ಇಲ್ಲೇ ಮಾತಾಡೋಣ. ಇವರೆಲ್ಲ ಕೇಳಿಸ್ಕೊಳ್ಳಲಿ."

"ಯಾವುದೋ ಬೀದಿ ಬೆಕ್ಕು ನುಗ್ಗಿರಬೇಕು. ಅದಕ್ಕೆ ನನ್ನನ್ನ..."

"ಬೀದಿ ಬೆಕ್ಕು ಬಾಗಿಲಿಗೆ ಬೀಗ ಹಾಕ್ಕೊಂಡು ಕೂರಲ್ಲ." ಮೇಡಂ ಚೀಟಿ ತೆಗೆದರು. "ಇಪ್ಪತ್ತನಾಲ್ಕು ಗಂಟೆ ಊಟ ಕೊಡಬೇಡಿ ಅಂತ ಬರೆದಿದ್ದೀರಿ. ನಾವು ಯಾವತ್ತೂ ಇಪ್ಪತ್ತನಾಲ್ಕು ಗಂಟೆ ಉಪವಾಸ ಕೆಡವಲ್ಲ, ಒಂದು ರಾತ್ರಿ ಮಾತ್ರ. ನಮ್ಮ ಮೊದಲ ಕರಪತ್ರದಲ್ಲಿ ಹನ್ನೆರಡು ಇರೋ ಕಡೆ ಇಪ್ಪತ್ತನಾಲ್ಕು ಅಂತ ಅಚ್ಚಾಗಿತ್ತು. ನಲವತ್ತು ವರ್ಷ ಕರಡು ನೋಡಿದ ನನ್ನ ಕಣ್ಣು ತಪ್ಪಿಸಿದ ತಪ್ಪು ಅದು. ನಾಚಿಕೆಯಾಗಿ ಒಂದೊಂದೇ ವಾಪಸ್ ಇಸ್ಕೊಂಡು ಹರಿದು ಹಾಕಿದೆ. ಉಳಿದದ್ದು ಒಂದೇ, ಸಂಘದ ಫೈಲಲ್ಲಿ. ಭಾನುವಾರ ಆ ಕಪಾಟಿನ ಕೀಲಿ ತಗೊಂಡವರು ನೀವು."

"ಸಹಿ ಇದೆ," ಎಂದರು ಹೊಸ್ತಿಲಿಂದ ಸೆಕ್ರೆಟರಿ, ಸೀನುಗಳ ನಡುವೆ.

"ನಿಮ್ಮ ಆಳುಗಳು ಬೆಳಗಿನ ಜಾವ ಬಂದರು. ಹಾಲೂಡೋ ತಾಯಿಯನ್ನೂ ಹಿಡಿದರು. ನಮ್ಮವರಾಗಿದ್ದರೆ ಹಿಡೀತಿರಲಿಲ್ಲ, ಕಿವಿ ಕತ್ತರಿಸಿರೋ ಉಳಿದ ಆರನ್ನ ಮುಟ್ಟುತ್ತಲೂ ಇರಲಿಲ್ಲ. ಪಂಜರಕ್ಕೆ ಹೊದಿಸೋಕೆ ಸಿಕ್ಕಿದ್ದು ನಿಮ್ಮ ಆಪರೇಷನ್ ಬಟ್ಟೆ. ಕಣ್ಣೊಂದು ಕಾಣೋಕೆ ನಡುವೆ ತೂತಿರೋದು. ಯಾಕೆ ಮಾಡಿದಿರಿ ಅನ್ನೋದನ್ನ ಮರದ ಕೆಳಗೆ ನಿಲ್ಲೋ ನಿಮ್ಮ ಹೊಸ ಕಾರು ಹೇಳುತ್ತೆ. ಶೆಡ್ಡು ಖಾಲಿಯಾದ್ರೆ ಅದಕ್ಕೊಂದು ಸೂರು."

ಡಾಕ್ಟರು ತಗ್ಗಿದ ದನಿಯಲ್ಲೇ ಹೇಳಿದರು. "ನಾನೇನು ಕೊಲ್ಲಲಿಲ್ಲ. ವ್ಯಾನು ಸಂಜೆ ಬಿಡುವಾಗುತ್ತೆ. ಊರಾಚೆ ಎಲ್ಲಾದರೂ ಬಿಡಿಸ್ತಿದ್ದೆ."

"ಅಲ್ಲಿ ಅವಕ್ಕೆ ತಟ್ಟೆ ಇಡೋರು ಯಾರು? ಇಲ್ಲಿ ಖಾಲಿಯಾದ ಜಾಗಕ್ಕೆ ಬೇರೆ ಬೆಕ್ಕು ಬರುತ್ತೆ, ಈಯುತ್ತೆ. ಮತ್ತೆ ಇಪ್ಪತ್ತೆರಡು. ಇರಲಿ, ಅದು ನಿಮಗೆ ಗೊತ್ತಿರಲಿಲ್ಲ ಅನ್ನೋಣ. ಮರಿಗಳಿರೋದೂ ಗೊತ್ತಿರಲಿಲ್ಲ. ಆದ್ರೆ ಏಳೂವರೆಗೆ ನಾನೇ ಬುಟ್ಟಿ ತೆಗೆದು ತೋರಿಸಿದೆ. ನಿಮ್ಮ ಕೈಲಿದ್ದ ಬಟ್ಟೆ ಬಿತ್ತು. ಆಗಲೇ ತಾಯಿನ ಕಳಿಸಬಹುದಿತ್ತು. ನೀವು ಬಟ್ಟೆ ಎತ್ತಿಕೊಂಡು ಕಾರು ಹತ್ತಿದಿರಿ."

ಒಳಗೆ ಮಸಿ ಕೂಗುತ್ತಲೇ ಇತ್ತು.

"ಅಮ್ಮ," ಎಂದರು ಡಾಕ್ಟರು, "ನಿಮ್ಮ ಕಣ್ಣಿನ ಆಪರೇಷನ್ ಮಾಡಿದ್ದು ನಾನು. ಅದನ್ನಾದ್ರೂ ನೆನಪಿಟ್ಕೊಳ್ಳಿ."

"ನೆನಪಿದೆ. ಅದಕ್ಕೇ ಇಷ್ಟು ಸ್ಪಷ್ಟವಾಗಿ ಕಾಣ್ತಿದೆ. ಬೀಗ ತೆಗೀರಿ."

"ಕೀಲಿ ಡ್ರೈವರ್ ಹತ್ರ ಇದೆ. ಸಂಜೆ ಬರ್ತಾನೆ."

ಮೇಡಂ ಎದ್ದು ಆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಮಂಡಿ ಲಟಕ್ಕೆಂದಿತು. "ಸರಿ. ನಾನೂ ಸಂಜೆ ತನಕ ಇಲ್ಲೇ ಇರ್ತೀನಿ. ಬಂದೋರೆಲ್ಲ ಯಾಕೆ ಕೂತಿದ್ದೀರಿ ಅಂತ ಕೇಳ್ತಾರೆ. ಕೇಳಿದೋರಿಗೆಲ್ಲ ಹೇಳ್ತೀನಿ."

ಆಗ ಮೇಜಿನ ಹಿಂದಿನ ಹುಡುಗಿ ಎದ್ದಳು. ಖಾನೆ ಎಳೆದಳು. ಕೀಲಿಯೊಂದನ್ನು ತೆಗೆದು, ಡಾಕ್ಟರ ಮುಖ ನೋಡದೆ, ಅವರ ಮುಂದೆಯೇ ನಡೆದು ಬಂದು ಮೇಡಂ ಕೈಗೆ ಕೊಟ್ಟಳು.

"ಇನ್ನೊಂದು ಕೀಲಿ ಇಲ್ಲೇ ಇರುತ್ತೆ ಅಮ್ಮ," ಎಂದಳು. "ಯಾವಾಗಲೂ."

* * *

ದಾಸ್ತಾನು ಕೋಣೆಯಲ್ಲಿ ಕನ್ನಡಕದ ಪೆಟ್ಟಿಗೆಗಳ ನಡುವೆ ಏಳು ಪಂಜರಗಳಿದ್ದವು. ಮೇಡಂ ಮಸಿಯ ಪಂಜರದೊಳಗೆ ಮರಿಗಳನ್ನು ಒಂದೊಂದಾಗಿ ಸೇರಿಸಿದರು. ಎರಡು ತಾವೇ ನುಗ್ಗಿದವು. ಮೂರನೆಯದು ಬಿದ್ದಲ್ಲೇ ಬಿದ್ದಿತ್ತು. ಮಸಿ ಅದನ್ನು ನೆಕ್ಕಿತು, ಮೂತಿಯಿಂದ ಹೊರಳಿಸಿತು, ಮತ್ತೆ ನೆಕ್ಕಿತು. ಬಹಳ ಹೊತ್ತಾದ ಮೇಲೆ ಆ ಚಿಕ್ಕದು ತಲೆ ಎತ್ತಿ, ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಮೊಲೆ ಹಿಡಿಯಿತು.

ಸೆಕ್ರೆಟರಿ ದೂರದಿಂದ ಕೂಗಿದರು. "ಸಂಜೆ ಮೀಟಿಂಗಿಗೆ ಇದೇ ಮೊದಲನೇ ವಿಷಯ. ಅಧ್ಯಕ್ಷರ ರಾಜೀನಾಮೆ ಎರಡನೇದು. ನಾನು ಹೊರಟೆ, ಟೈಪ್ ಮಾಡಿಸ್ಬೇಕು."

ಮೇಡಂ ಗೆಳತಿಯರಿಗೆ ಫೋನು ಮಾಡಿದರು. ಗಾಡಿ ಬರಲು ಒಂದು ಗಂಟೆಯಾಗುತ್ತದೆ ಎಂದರು. ಮಸಿಯನ್ನು ಈಗ ಅಲುಗಿಸುವಂತೆಯೂ ಇರಲಿಲ್ಲ. ಅವರು ಗೋಡೆಗೊರಗಿ ಕೂತರು. ಬೆಳಿಗ್ಗೆಯಿಂದ ತಾವು ಏನೂ ತಿಂದಿಲ್ಲ ಎಂಬುದು ಆಗ ನೆನಪಾಯಿತು.

ಹುಡುಗಿ ಒಳಗೆ ಬಂದಳು. ಬಿಳಿ ಕೋಟು ಇರಲಿಲ್ಲ. ಹೆಗಲಿಗೆ ಚೀಲ ಹಾಕಿಕೊಂಡಿದ್ದಳು.

"ಕೆಲಸ ಬಿಡಿಸಿದ್ರಾ ಮಗಳೇ?"

"ಅವರಿನ್ನೂ ಏನೂ ಹೇಳಿಲ್ಲ. ನಾನೇ ಹೇಳಿ ಬಂದೆ."

"ಮುಂದೆ?"

"ಊರಲ್ಲಿ ಇನ್ನೂ ನಾಲ್ಕು ಕಣ್ಣಿನ ಆಸ್ಪತ್ರೆ ಇದಾವೆ." ಅವಳು ಬಗ್ಗಿ ಪಂಜರದೊಳಗೆ ನೋಡಿದಳು. "ಬೆಳಿಗ್ಗೆಯಿಂದ ಕೂಗ್ತಾನೇ ಇತ್ತು. ನಾನು ರೇಡಿಯೋ ಜೋರು ಮಾಡಿದೆ."

ಮೇಡಂ ಪಕ್ಕದಲ್ಲಿ ಜಾಗ ಮಾಡಿದರು. ಅವಳು ಕೂರಲಿಲ್ಲ. ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಚಮಚದ ಹಿಡಿ ಮೇಡಂ ಕಡೆಗೆ ಬರುವಂತೆ ತಿರುಗಿಸಿ, ಅವರ ಮಡಿಲಲ್ಲಿಟ್ಟು ಹೊರಟಳು.